ಬ್ರೇಕ್ ಮೇಷ್ಟ್ರ ಕೆಂಪು ಕಾರು

ನಮ್ಮ ಬೀದಿಯ ಡ್ರೈವಿಂಗ್ ಸ್ಕೂಲ್ ಮೇಷ್ಟ್ರಿಗೆ ತಂದೆತಾಯಿ ಇಟ್ಟ ಹೆಸರು ಈಗ ಅವರ ಲೈಸೆನ್ಸಿನಲ್ಲಿ ಮಾತ್ರ ಉಳಿದಿದೆ. ಊರಿಗೆಲ್ಲ ಅವರು ಬ್ರೇಕ್ ಮೇಷ್ಟ್ರು. ಸ್ಕೂಲಿನ ಬಿಳಿ ಕಾರಿನಲ್ಲಿ ಕಲಿಯುವವರ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇದೆ. ಅದರ ಮೇಲೆ ಮೇಷ್ಟ್ರ ಬಲಗಾಲು ಸದಾ ಕೂತಿರುತ್ತದೆ. ನಾಯಿ ಬಂದರೆ ಒತ್ತು, ನಾಯಿ ಬರಬಹುದು ಅನ್ನಿಸಿದರೂ ಒತ್ತು. ಮದುವೆ ಮನೆಯಲ್ಲಿ ಕುರ್ಚಿ ಮೇಲೆ ಕೂತಾಗಲೂ, ಯಾರಾದರೂ ಎದುರಿಗೆ ಬೇಗ ನಡೆದು ಬಂದರೆ ಅವರ ಕಾಲು ನೆಲವನ್ನು ಒತ್ತುತ್ತದೆ.

ಇಂಥ ಮನುಷ್ಯನಿಗೆ ರೇಸಿನ ಹುಚ್ಚು ಹಿಡಿಯಿತು.

ಅವರ ಅತ್ತೆಯೊಬ್ಬರು ತೀರಿಕೊಂಡು ಆಸ್ತಿಯಲ್ಲಿ ಒಂದು ಪಾಲು ಇವರಿಗೆ ಬಂತು. ಸ್ಕೂಲಿನ ಆಫೀಸು ನೋಡಿಕೊಳ್ಳುವ ಹೆಂಡತಿ, "ರೀ, ಬಿಳಿ ಕಾರು ಮುದುಕಿ ಆಯ್ತು. ಒಂದು ಹೊಸದು ತಗೊಳ್ಳಿ" ಎಂದರು. ಮೇಷ್ಟ್ರು ತಲೆಯಾಡಿಸಿ ಹೋದರು. ಸಂಜೆ ಬರುವಾಗ ಹಳೆಯದೊಂದು ಸ್ಪೋರ್ಟ್ಸ್ ಕಾರು ತಂದರು. ಕೆಂಪು ಬಣ್ಣ, ಎರಡೇ ಸೀಟು, ನೆಲಕ್ಕೆ ಅಂಟಿಕೊಂಡ ಹೊಟ್ಟೆ. ಬೀದಿಯವರೆಲ್ಲ ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡೆವು. ಅದರ ಹಿಂದೆ ಕೆಮ್ಮುತ್ತಾ ನಿಂತಿದ್ದ ಬಿಳಿ ಕಾರಿನ ಟೈರು ಬೋಳಾಗಿದ್ದನ್ನು ಯಾರೂ ನೋಡಲಿಲ್ಲ.

"ಸಿಕ್ಕಾಪಟ್ಟೆ ಅಗ್ಗಕ್ಕೆ ಸಿಕ್ತು ಕಣೇ" ಎಂದರು ಮೇಷ್ಟ್ರು.

"ಆನೇನೂ ಒಂದೊಂದ್ಸಲ ಅಗ್ಗಕ್ಕೇ ಸಿಗತ್ತೆ ರೀ. ಮೇವು ಹಾಕೋರ್ಯಾರು?"

ಮೇವಿನ ವಿಷಯ ಮುಂದಿನ ಭಾನುವಾರವೇ ತಿಳಿಯಿತು. ಊರಾಚೆ ಒಂದು ರೇಸ್ ಟ್ರ್ಯಾಕ್ ಇದೆ. ರಜಾದಿನ ಫೀಸು ಕಟ್ಟಿದವರು ಯಾರು ಬೇಕಾದರೂ ತಮ್ಮ ಕಾರು ಓಡಿಸಬಹುದು. ಮೇಷ್ಟ್ರು ಹೆಲ್ಮೆಟ್ ಹಾಕಿ ಇಳಿದರು. ಮೊದಲ ತಿರುವಿಗೆ ಇಂಡಿಕೇಟರ್ ಹಾಕಿದರು. ಎರಡನೆಯದಕ್ಕೆ ಹಾರ್ನ್ ಹೊಡೆದರು. ಹಿಂದೆ ಬಂದವರಿಗೆಲ್ಲ ಕೈ ಹೊರಗೆ ಚಾಚಿ, ಹೋಗಿ ಸ್ವಾಮಿ, ಮುಂದೆ ಹೋಗಿ ಎಂದು ದಾರಿ ಬಿಟ್ಟರು. ನೇರ ರಸ್ತೆಯಲ್ಲೂ ಅವರ ಹಿಂದಿನ ಕೆಂಪು ದೀಪ ಆರಲಿಲ್ಲ. ಕೊನೆಗೆ ಕಾರು ಹೊಗೆಯಾಡುತ್ತಾ ಬಂದು ನಿಂತಾಗ ಟ್ರ್ಯಾಕಿನ ಮೆಕ್ಯಾನಿಕ್ ಚಕ್ರ ಬಿಚ್ಚಿ ನೋಡಿ ಬೆರಗಾದ.

"ಸಾರ್, ಎಲ್ಲರಿಗಿಂತ ನಿಧಾನ ನೀವು. ಎಲ್ಲರಿಗಿಂತ ಮೊದಲು ಬ್ರೇಕ್ ಪ್ಯಾಡ್ ಸವೆದಿರೋದೂ ನಿಮ್ದೇ. ಬ್ರೇಕ್ ಎಲ್ಲಿಂದ ಒತ್ತುತ್ತೀರ?"

"ತಿರುವಿಂದ."

"ತಿರುವು ಎಲ್ಲಿಂದ ಶುರು ಆಗತ್ತೆ ಸಾರ್?"

"ನನ್ನ ಕಣ್ಣಿಗೆ ಕಂಡಲ್ಲಿಂದ."

ಈ ಕಾರುಗಳ ಸಂಸಾರವೇ ಹೀಗೆ. ಬೀದಿಯಲ್ಲಿ ವರ್ಷಗಟ್ಟಲೆ ಬಾಳುವ ಪ್ಯಾಡು ಅಲ್ಲಿ ಕೆಲವೇ ಭಾನುವಾರಕ್ಕೆ ಕಾಗದವಾಗುತ್ತದೆ; ಮೇಷ್ಟ್ರ ಕಾಲಿಗೆ ಒಂದೇ ಭಾನುವಾರ ಸಾಕು. ಪ್ಯಾಡಿನ ಹಿಂದೆ ಡಿಸ್ಕು, ಡಿಸ್ಕಿನ ಹಿಂದೆ ಟೈರು. ಕಾದ ಬ್ರೇಕ್ ಆಯಿಲ್ ಬದಲಿಸಬೇಕು, ಇಂಜಿನ್ ಆಯಿಲ್ ಮತ್ತೆ ಮತ್ತೆ ಬದಲಿಸಬೇಕು. ಟ್ರ್ಯಾಕಿನಲ್ಲಿ ಗುದ್ದಿದರೆ ತನಗೆ ಸಂಬಂಧವಿಲ್ಲವೆಂದು ಮೇಷ್ಟ್ರ ವಿಮೆ ಕಂಪನಿ ಮೊದಲೇ ಕೈತೊಳೆದುಕೊಂಡಿತ್ತು. ಮೇಷ್ಟ್ರು ಇದಕ್ಕೆಲ್ಲ ನಗುನಗುತ್ತಾ ದುಡ್ಡು ಸುರಿದರು. ಸುರಿಯಲಿ, ಅವರ ದುಡ್ಡು. ಹವ್ಯಾಸ ಎಂದು ಕರೆದ ಕೂಡಲೇ ಎಂಥ ಖರ್ಚಿಗೂ ಮರ್ಯಾದೆ ಬಂದುಬಿಡುತ್ತದೆ. ನನ್ನ ಹೊಟ್ಟೆ ಉರಿಯುವುದು ಅದಕ್ಕಲ್ಲ. ಬಿಳಿ ಕಾರಿನ ಬ್ರೇಕ್ ಆಯಿಲ್ ಜಿನುಗುತ್ತಿದೆ ಎಂದು ಹೆಂಡತಿ ಹೇಳಿದಾಗಲೆಲ್ಲ ಈ ಮಹಾನುಭಾವರು, "ಮುಂದಿನ ತಿಂಗಳು ನೋಡೋಣ, ಪಕ್ಕದಲ್ಲಿ ನನ್ನ ಕಾಲಿದೆಯಲ್ಲ" ಎನ್ನುತ್ತಿದ್ದರು. ಅದಕ್ಕೆ ಉರಿಯುತ್ತದೆ.

ಆ ಮುಂದಿನ ತಿಂಗಳು ಒಂದು ಮಂಗಳವಾರ ಬೆಳಿಗ್ಗೆ ಬಂತು. ಸ್ಟಿಯರಿಂಗ್ ಹಿಡಿದು ಕೂತವರು ನಮ್ಮ ಬೀದಿಯ ಟೈಲರಮ್ಮ. ಇಳಿಜಾರಿನಲ್ಲಿ ಮೇಷ್ಟ್ರು ಎಂದಿನಂತೆ, "ಬ್ರೇಕ್ ಅಮ್ಮಾ, ಬ್ರೇಕ್!" ಎಂದರು.

"ಒತ್ತಿದೀನಿ ಮೇಷ್ಟ್ರೆ!"

"ಜೋರಾಗಿ!"

"ಇದಕ್ಕಿಂತ ಜೋರಾಗಿ ಒತ್ತಿದ್ರೆ ಕಾಲು ರಸ್ತೆಗೆ ಬರತ್ತೆ!"

ಮೇಷ್ಟ್ರು ತಮ್ಮ ಬ್ರೇಕ್ ಒತ್ತಿದರು. ಅದೂ ಹಿಟ್ಟಿನ ಮೂಟೆಯ ಹಾಗೆ ಮೆತ್ತಗೆ ತಳ ಸೇರಿತು. ಹ್ಯಾಂಡ್ ಬ್ರೇಕ್ ಎಳೆದರೆ ಅದು ಸಲೀಸಾಗಿ ಮೇಲೆ ಬಂತು, ಏನನ್ನೂ ಹಿಡಿಯಲಿಲ್ಲ. ಕಾರು ಹಾಗೇ ಉರುಳಿ, ಅಂಗಡಿಯೊಂದರ ಮುಂದೆ ಒಟ್ಟಿದ್ದ ಹಾಸಿಗೆಗಳ ರಾಶಿಗೆ ಮೂತಿ ತೂರಿಸಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅನ್ನುತ್ತಾರೆ. ನಮ್ಮ ಮೇಷ್ಟ್ರು ಚಾಚಿದ ಕಾಲಿಗೆ ಒಂದು ಅಂಗಡಿಯ ಹಾಸಿಗೆಯೇ ಬೇಕಾಯಿತು.

ಅದೇ ದಿನ ಕೆಂಪು ಕಾರಿಗೆ ಹೊಸ ಪ್ಯಾಡು ಬಂದಿತ್ತು. ಆಫೀಸಿನ ಮೇಜಿನ ಮೇಲೆ ಆ ಡಬ್ಬ ಮಿರಿಮಿರಿ ಮಿಂಚುತ್ತಿತ್ತು. ಮೇಷ್ಟ್ರು, ಹೆಂಡತಿ, ಟೈಲರಮ್ಮ ಮೂವರೂ ಅದರ ಸುತ್ತ ಕೂತರು. ಟೈಲರಮ್ಮನ ಅಂಗಡಿಗೆ ಹೋಗದ ಹೆಂಗಸು ಬೀದಿಯಲ್ಲಿಲ್ಲ. ಆಕೆ ಅಳತೆ ತೆಗೆಯುತ್ತಾ ಒಮ್ಮೆ ಬಾಯಿ ಬಿಟ್ಟರೆ ಸ್ಕೂಲಿಗೆ ಬೀಗ. ಆ ಮನೆಯ ಅನ್ನ ಬರುವುದು ಆ ಸ್ಕೂಲಿನಿಂದ.

"ಅಮ್ಮಾ, ಹೇಗೋ ಏನೂ ಆಗ್ಲಿಲ್ಲ..." ಎಂದರು ಮೇಷ್ಟ್ರು.

"ಏನೂ ಆಗ್ಲಿಲ್ಲ ಅಂದ್ರೆ? ಹಾಸಿಗೆ ಇತ್ತು, ಬದುಕಿದೆ. ಪಕ್ಕದ್ದು ಪಾತ್ರೆ ಅಂಗಡಿ ಮೇಷ್ಟ್ರೆ!" ಟೈಲರಮ್ಮ ಡಬ್ಬ ಎತ್ತಿ ನೋಡಿದರು. "ಗಿರಾಕಿ ಬಟ್ಟೆಗೆ ಲಡ್ಡು ಹಿಡಿದ ದಾರ, ನನ್ನ ಬಟ್ಟೆಗೆ ಗಟ್ಟಿ ದಾರ ಹಾಕ್ಕೊಂಡ್ರೆ ನೀವು ನನ್ನ ಅಂಗಡಿಗೆ ಬರ್ತೀರಾ?"

ಹೆಂಡತಿ ಗಂಡನ ಪರ ನಿಲ್ಲುತ್ತಾರೆಂದು ಮೇಷ್ಟ್ರು ಆಸೆಯಿಂದ ನೋಡಿದರು.

"ನನ್ನ ಮುಖ ಏನ್ ನೋಡ್ತೀರಿ? ಕಂಡೋರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡೋರು ನೀವು. ಅಕ್ಕ, ನೀವು ಎಲ್ಲರಿಗೂ ಹೇಳಿ. ಹೇಳಲೇಬೇಕು."

"ಅಯ್ಯೋ, ನೀನೇ ಹೀಗಂದ್ರೆ ಹೇಗೇ!"

"ಹೇಳ್ತೀನಿ" ಎಂದರು ಟೈಲರಮ್ಮ. "ಗಾಡಿ ಗುದ್ದಿದ್ದೂ ಹೇಳ್ತೀನಿ, ರಿಪೇರಿ ಆಗಿದ್ರೆ ಅದನ್ನೂ ಹೇಳ್ತೀನಿ. ಕೆಂಪು ಗಾಡಿಗೆ ಏನೇನು ಮಾಡಿಸ್ತೀರೋ ಅದೆಲ್ಲ ಮೊದಲು ನಮ್ಮ ಗಾಡಿಗೆ ಆಗ್ಬೇಕು. ಅಲ್ಲೀತನಕ ಕಾಲಿಡಲ್ಲ."

ಹೆಂಡತಿ ಬಿಳಿ ಕಾರಿನ ಕೀಲಿಯನ್ನು ಡ್ರಾಯರಿಗೆ ಹಾಕಿ ಬೀಗ ಜಡಿದರು. ಸ್ಕೂಲು ಆ ವಾರವೆಲ್ಲ ಬಾಗಿಲು ಮುಚ್ಚಿತು. ಮೇಷ್ಟ್ರು ಮೊದಲ ದಿನ ಸಿಟ್ಟು ಮಾಡಿದರು, ಎರಡನೆಯ ದಿನ ಊಟ ಬಿಟ್ಟರು, ಮೂರನೆಯ ದಿನ ಆ ಡಬ್ಬವನ್ನು ಅಂಗಡಿಗೆ ವಾಪಸು ಕೊಟ್ಟು ಬಂದರು. ಬಿಳಿ ಕಾರಿಗೆ ಹೊಸ ಪೈಪು, ಹೊಸ ಪ್ಯಾಡು, ಹೊಸ ಆಯಿಲ್, ನಾಲ್ಕು ಟೈರು ಬಂದವು. ಹ್ಯಾಂಡ್ ಬ್ರೇಕಿನ ತಂತಿಯೂ ಬಂತು.

ಟೈಲರಮ್ಮ ಮತ್ತೆ ಸ್ಟಿಯರಿಂಗ್ ಹಿಡಿದರು. ಅದೇ ಇಳಿಜಾರು. ಹಳೆಯ ಭಯಕ್ಕೆ ಬಲವಾಗಿಯೇ ಒತ್ತಿದರು. ಕಾರು ಗಕ್ಕನೆ ನಿಂತಿತು; ಬೆಲ್ಟ್ ಇಲ್ಲದಿದ್ದರೆ ಮೇಷ್ಟ್ರ ಹಣೆ ಗಾಜಿಗೆ ಮುತ್ತಿಡುತ್ತಿತ್ತು.

"ಹಿಡೀತು ಮೇಷ್ಟ್ರೆ!" ಎಂದು ಆಕೆ ಕಿರುಚಿದ್ದು ಹಾಸಿಗೆ ಅಂಗಡಿಯವನಿಗೂ ಕೇಳಿಸಿತು. ಅವನು ಮಾತ್ರ ಆಗಲೇ ಹಾಸಿಗೆಗಳನ್ನು ಒಳಗೆ ಎಳೆದುಕೊಂಡಿದ್ದ.

ಟೈಲರಮ್ಮ ಮಾತು ಉಳಿಸಿಕೊಂಡರು, ಎರಡನ್ನೂ ಹೇಳಿದರು. ಕೆಲವರು ಸ್ಕೂಲು ಬಿಟ್ಟರು, ಕೆಲವರು ಹೊಸದಾಗಿ ಬಂದರು. ಬಂದವರು ಕೂರುವ ಮುಂಚೆ ಬಗ್ಗಿ ಟೈರು ನೋಡುತ್ತಾರೆ. ನೋಡಲಿ. ಎಲ್ಲ ಕಡೆಯೂ ಹೀಗೆ ಬಗ್ಗಿ ನೋಡುವವರು ಬೇಕು.

ಕೆಂಪು ಕಾರು ಈಗ ಶೆಡ್ಡಿನಲ್ಲಿ ಹೊದ್ದು ಮಲಗಿದೆ. ಎರಡು ಕಾರಿಗೂ ಮೇವು ಹಾಕುವ ಶಕ್ತಿ ಯಾರಿಗಿದೆ? ಹೋದ ಭಾನುವಾರ ಹೆಂಡತಿ ಶೆಡ್ಡಿನ ಬಾಗಿಲು ತೆರೆದರೆ, ಮೇಷ್ಟ್ರು ಹೆಲ್ಮೆಟ್ ಹಾಕಿಕೊಂಡು ಒಳಗೆ ಕೂತಿದ್ದರು. ಇಂಜಿನ್ ಆರಿತ್ತು. ಹಿಂದಿನ ಕೆಂಪು ದೀಪ ಮಾತ್ರ ಉರಿಯುತ್ತಿತ್ತು.

"ನಿಂತಿರೋ ಗಾಡಿಗೆ ಬ್ರೇಕ್ ಯಾಕ್ರೀ?"

"ತಿರುವು ಬಂತು ಕಣೇ" ಎಂದರು ಮೇಷ್ಟ್ರು.

"ಬ್ಯಾಟರಿ ಹೋಗತ್ತೆ. ಮೊದಲು ಕಾಲು ತೆಗೀರಿ."

ದೀಪ ಆರಿತು.