ಯಾರೂ ನೋಡಬ್ಯಾಡ್ರಿ

ಭಾನುವಾರ ಬೆಳಿಗ್ಗೆ ಹೆಬ್ಬಗೋಡಿಯ ವಠಾರದಲ್ಲಿ ಭಾಗ್ಯಶ್ರೀ ತಲೆಗೆ ಎಣ್ಣೆ ಹಚ್ಚಿಕೊಂಡು ಕುಳಿತಿದ್ದಳು. ಪಕ್ಕದ ರೂಮಿನ ಯಂಕಪ್ಪ ಫೋನು ಹಿಡಿದು ಬಾಗಿಲಿಗೆ ಬಂದ. ಹಿಂದೆ ಅವನ ಮಗಳು ಮಹಾದೇವಿ, ಅತ್ತು ಅತ್ತು ಕಣ್ಣು ಊದಿಸಿಕೊಂಡು. ಯಾರೋ ಆ ಹುಡುಗಿಯ ಹೆಸರು, ಫೋಟೋ ಹಾಕಿ ಇಂಟರ್ನೆಟ್ಟಿನಲ್ಲಿ ಸುಳ್ಳು ಖಾತೆ ತೆರೆದಿದ್ದರು.

"ಇಂಥಾದ್ದು ತೆಗಿಯೂದ ನಿನ್ನ ಕೆಲಸ ಅಲ್ಲೇನವಾ? ತೆಗಿ. ಇಲ್ಲಾಂದ್ರ ನಾಳೆ ಇಕಿ ಫೋನ್ ಕಸಗೊಂಡು, ಕಾಲೇಜ್ ಬಿಡಿಸಿ ಊರಿಗೆ ಕಳಸ್ತೀನಿ."

ಭಾಗ್ಯಶ್ರೀಗೆ ರೇಗಿತು. ಚಿಕ್ಕಂದಿನಲ್ಲಿ ಅವಳಿಗೂ ಹೀಗೇ ಆಗಿತ್ತು. ಶಾಲೆ ಬಿಟ್ಟೊಡನೆ ಸೈಬರ್ ಸೆಂಟರಿಗೆ ಓಡುತ್ತಿದ್ದವಳು; ಆಟ, ಹರಟೆ, ಗೆಳೆತನ ಎಲ್ಲವೂ ಅಲ್ಲೇ. ಯಾರೋ ಅವಳ ಹೆಸರಿನಲ್ಲಿ ಕೊಳಕು ಬರೆದಾಗ ಮನೆಯವರು ಬೈದದ್ದು ಅವಳನ್ನೇ. ಸೆಂಟರ್ ನಡೆಸುತ್ತಿದ್ದ ಮಾಲಾ ಮಾತ್ರ ಪಕ್ಕದಲ್ಲಿ ಕೂರಿಸಿಕೊಂಡು ದೂರು ಕೊಡುವುದು ಹೇಗೆಂದು ತೋರಿಸಿದಳು. ಆ ದೂರನ್ನು ಆಚೆ ಕಡೆ ಕುಳಿತು ಓದುವವರು ಯಾರು ಎಂಬ ಕುತೂಹಲ ಅಂದಿನಿಂದ ಬಿಡಲಿಲ್ಲ. ಈಗ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ದಿನವಿಡೀ ಇಂಥ ಕನ್ನಡದ ದೂರುಗಳನ್ನು ಓದಿ, ಸುಳ್ಳು ಖಾತೆಗಳನ್ನು ತೆಗೆಯುವವಳು ಅವಳೇ.

"ಗುರುತಿನೋರದ್ದು ಆಫೀಸಲ್ಲಿ ನಾನು ಮುಟ್ಟೋ ಹಾಗಿಲ್ಲ ಕಾಕಾ. ಇಲ್ಲಿಂದಾನೇ ದೂರು ಕೊಡೋಣ," ಎಂದು ಮಹಾದೇವಿಯ ಕೈಯಿಂದಲೇ ಕೊಡಿಸಿದಳು. ಆಮೇಲೆ ಯಂಕಪ್ಪನ ಫೋನು ನೋಡಿ ಹಣೆ ಚಚ್ಚಿಕೊಂಡಳು. ಆ ಪುಣ್ಯಾತ್ಮ ನಿನ್ನೆಯೇ ಆ ಸುಳ್ಳು ಖಾತೆಯ ಫೋಟೋ ತೆಗೆದು ಊರಿನವರ ಗುಂಪಿಗೆ, ಬೀಗರ ಗುಂಪಿಗೆ, ಗಾರೆ ಕೆಲಸದವರ ಗುಂಪಿಗೂ ಕಳಿಸಿದ್ದ. ಕೆಳಗೆ ಬರೆದಿದ್ದ: "ಇದು ಸುಳ್ಳು. ಯಾರೂ ನೋಡಬ್ಯಾಡ್ರಿ."

"ನೋಡಬೇಡಿ ಅಂತ ನೀವೇ ಊರಿಗೆಲ್ಲ ತೋರಿಸಿದ್ದೀರಲ್ಲ! ಕಿತ್ಕೊಳ್ಳೋದಾದ್ರೆ ನಿಮ್ಮ ಫೋನ್ ಕಿತ್ಕೋಬೇಕು."

"ಹಿರೇರಿಗೆ ಹಂಗಂತಾರೇನ?" ಒಳಗಿನಿಂದ ಭಾಗ್ಯಶ್ರೀಯ ತಾಯಿ ಸಿದ್ದಕ್ಕ ಗದರಿದಳು.

"ನೀನೂ ಕಳಿಸಿದ್ದೀಯೇನವ್ವಾ?"

ಸಿದ್ದಕ್ಕ ಗಡಬಡಿಸಿ ಸಾರಿಗೆ ಒಗ್ಗರಣೆ ಸುರಿದಳು.

ನಿನ್ನೆಯೇ ಎಲ್ಲರ ಫೋನಿಗೆ ಇಳಿದದ್ದು ಇಲ್ಲಿಂದ ಅಳಿಸಿದರೂ ಅಲ್ಲಿ ಉಳಿದಿರುತ್ತದೆ. ಒಬ್ಬೊಬ್ಬರಿಗೂ ಫೋನು ಮಾಡಿ ಅಳಿಸಿರೆಂದು ಹೇಳಬೇಕು ಎಂದಳು ಭಾಗ್ಯಶ್ರೀ.

"ಏನಂತ ಹೇಳ್ಲಿ?"

"ಹುಡುಗೀದೇನೂ ತಪ್ಪಿಲ್ಲ, ಕಳಿಸಿದ್ದು ನಾನು ಅಂತ."

ಸಂಜೆಗೆ ಖಾತೆ ಮಾಯವಾಯಿತು. ಯಂಕಪ್ಪನ ಫೋನು ಇನ್ನೂ ಕಿವಿಯಿಂದ ಇಳಿದಿರಲಿಲ್ಲ; ಈಗ ಊರಿನಲ್ಲಿದ್ದ ಮಾವನ ಸರದಿ. "ಮಾವಾ, ಅದನ್ನ ಅಳಸ್ರಿ. ಹುಡುಗೀದೇನೂ ತಪ್ಪಿಲ್ಲ, ಕಳಿಸಿದಾಂವ ನಾನ. ಹೂಂ, ನಾಳೆ ಕಾಲೇಜಿಗೆ ಹೋಗ್ತಾಳ."

ಮಾವನ ದನಿ ವಠಾರಕ್ಕೆಲ್ಲ ಕೇಳಿತು: "ಯಾವ ಫೋಟೋಪಾ? ಇನ್ನೊಮ್ಮೆ ಕಳಸು, ನೋಡಿ ಅಳಸ್ತೀನಿ."

ಭಾಗ್ಯಶ್ರೀ ದಡಕ್ಕನೆ ಎದ್ದಳು. ಅಷ್ಟರಲ್ಲಿ ಯಂಕಪ್ಪನೇ ಕೂಗಿದ: "ಕಳಸಂಗಿಲ್ಲರಿ ಮಾವಾ! ಫೋನ್ ಅಲ್ಲಿ ಮನ್ಯಾಗಿರೋ ಸಣ್ಣ ಮೊಮ್ಮಗಳ ಕೈಯಾಗ ಕೊಡ್ರಿ, ಅಳಸೂದು ಹೆಂಗಂತ ಆಕಿಗೆ ಹೇಳ್ತೀನಿ."