ವಾಯ್ಸ್ ನೋಟಿನ ಕಂಪ್ಯೂಟರ್ ಕ್ಲಾಸು

ಸುಸ್ತು ಮಾರಾಯ್ರೆ. ವಾರವಿಡೀ ಗಲ್ಫಿನ ಈ ವಾದಿ ಕಬೀರಿನ ಸ್ಪೇರ್ ಪಾರ್ಟ್ಸ್ ಕಂಪನಿಯಲ್ಲಿ ಕಂಪ್ಯೂಟರ್ ಕುಟ್ಟಿ, ರಜೆಯ ಶುಕ್ರವಾರವೂ ಅದರ ಮುಂದೆಯೇ ಕೂತರೆ ಸುಸ್ತಾಗದೆ ಇನ್ನೇನು? ಆಫ್ರಿಕಾದಿಂದ ಮನೆಗೆಲಸಕ್ಕೆ ಬಂದ ಹೆಂಗಸರಿಗೆಂದು ನಾವು ಕೆಲವರು ಸೇರಿ ಪುಕ್ಕಟೆ ಕಂಪ್ಯೂಟರ್ ಕ್ಲಾಸು ಶುರು ಮಾಡಿದ್ದೆವು. ಬಂದು ಕೂತವರು ಯಾರು? ನಮ್ಮ ಬಿಲ್ಡಿಂಗಿನ ಹೆಂಗಸರೇ! "ಆ ಕಪ್ಪು ಹೆಂಗಸರಿಗೆ ಕಲಿಯುವ ಆಸೆಯೇ ಇಲ್ಲ" ಎಂದು ಅವರಲ್ಲೊಬ್ಬಳು ಅಂದಾಗ ನನಗೆ ಮೈಯೆಲ್ಲ ಉರಿಯಿತು. ಆಸೆ ಇಲ್ಲದ್ದಲ್ಲ, ರಜೆ ಇಲ್ಲದ್ದು.

ಉಗಾಂಡದ ಒಬ್ಬಳು ಅಂಗಡಿಯಲ್ಲಿ ತರಕಾರಿ ತೂಗಿಸುವ ಸಾಲಿನಲ್ಲಿ ಪರಿಚಯವಾದವಳು. "ಇನ್ನೊಬ್ಬರ ಮನೆ ಒರೆಸಿ ಸಾಕಾಯಿತು ಟೀಚರ್. ಒಂದು ಸರ್ಟಿಫಿಕೇಟು ಸಿಕ್ಕಿದರೆ ಊರಲ್ಲಿ ಆಫೀಸಿಗೆ ಸೇರುತ್ತೇನೆ" ಅಂದಳು. ಅವಳು ಬರುವ ಹಾಗಿಲ್ಲ, ಸರಿ, ಪಾಠವೇ ಹೋಗಲಿ ಎಂದು ವಾಯ್ಸ್ ನೋಟು ಕಳಿಸತೊಡಗಿದೆ. ಅನ್ನಕ್ಕಿಟ್ಟು ನಾನು ಎಕ್ಸೆಲ್ ಹೇಳುವುದು, ಇಸ್ತ್ರಿ ಹಾಕುತ್ತಾ ಅವಳು ಕೇಳುವುದು. ಕೆಲಸದ ಮನೆಯವರಿಗೆ ಗೊತ್ತಾಗದಂತೆ ಪಿಸುಗುಟ್ಟಿ ಉತ್ತರ ಕಳಿಸುತ್ತಿದ್ದಳು: "ಈಕ್ವಲ್ ಟು, ಸಮ್, ಬ್ರಾಕೆಟ್ ಓಪನ್..." ಒಂದೂ ತಪ್ಪಿಲ್ಲ.

"ಇದೆಂಥದು, ರೇಡಿಯೋದಲ್ಲಿ ಈಜು ಕಲಿಸುವುದಾ?" ಎಂದು ನಮ್ಮವರು ನಕ್ಕರು. ನಾನು ಎರಡು ದಿನ ಮಾತು ಬಿಟ್ಟೆ.

ಅಂತೂ ಒಂದು ಶುಕ್ರವಾರ ಅರ್ಧ ಗಂಟೆ ಬಿಡುವು ಗಿಟ್ಟಿಸಿಕೊಂಡು ಬಂದಳು. ಕೇಳಿದ್ದಕ್ಕೆಲ್ಲ ಪಟಪಟ ಉತ್ತರ. ಆಮೇಲೆ ಕಂಪ್ಯೂಟರ್ ಮುಂದೆ ಕೂರಿಸಿದೆ. ಮೌಸನ್ನು ಇಸ್ತ್ರಿಪೆಟ್ಟಿಗೆ ಹಿಡಿದ ಹಾಗೆ ಅದುಮಿ ಹಿಡಿದಳು. ಎರಡು ಸಲ ಒತ್ತು ಎಂದರೆ ಒಮ್ಮೆ ಒತ್ತಿ, ಉಸಿರು ಬಿಟ್ಟು, ಮತ್ತೊಮ್ಮೆ ಒತ್ತುವಳು. ಫೈಲು ತೆರೆಯುವ ಬದಲು ಅದರ ಹೆಸರು ಬದಲಿಸಲೇ ಎಂದು ಕಂಪ್ಯೂಟರ್ ಕೇಳುತ್ತಿತ್ತು. ಮೊದಲು ನಕ್ಕಳು. ಕೊನೆಗೆ ನಗಲಿಲ್ಲ. ಕೆಳಗೆ ಅವಳ ಕೆಲಸದ ಮನೆಯ ಡ್ರೈವರ್ ಹಾರ್ನ್ ಹಾಕತೊಡಗಿದ. ನಾನು ಹಳೆಯ ಮೌಸೊಂದರ ವೈರು ಸುತ್ತಿ ಅವಳ ಚೀಲಕ್ಕೆ ತುರುಕಿದೆ. ಕಂಪ್ಯೂಟರ್ ಇಲ್ಲದ ಬರೀ ಮೌಸು, ಏನು ಉಪಯೋಗವೋ ದೇವರೇ ಬಲ್ಲ.

ಮುಂದಿನ ತಿಂಗಳ ಒಂದು ಶುಕ್ರವಾರ ಸರ್ಟಿಫಿಕೇಟಿನ ಪರೀಕ್ಷೆ, ಕೆಲಸದ ಕರಾರು ಮುಗಿದು ಮಾರನೇ ದಿನವೇ ಅವಳಿಗೆ ಊರಿನ ವಿಮಾನ. ಅದು ತಪ್ಪಿದರೆ ಮತ್ತೊಂದು ಅವಕಾಶ ಇರಲಿಲ್ಲ. ಪರೀಕ್ಷೆಯ ದಿನ ಸೆಂಟರಿನ ಬಾಗಿಲಲ್ಲೇ ನಿಂತಿದ್ದೆ. ಅವಳಿಲ್ಲ, ಫೋನಿಗೂ ಉತ್ತರವಿಲ್ಲ. "ಯಲ್ಲಾ, ಬೇಗ ಬೇಗ, ಬಾಗಿಲು ಹಾಕಬೇಕು" ಎಂದು ಒಳಗಿನವ ಅವಸರ ಮಾಡಿದ. ಆಗ ಬಂತು ವಾಯ್ಸ್ ನೋಟು.

"ಮನೆ ತುಂಬ ನೆಂಟರು ಟೀಚರ್. ಬಿಡಲಿಲ್ಲ. ಆದರೆ ಇದನ್ನು ಕೇಳಿ."

ಟಿಕ್‌ಟಿಕ್. ಟಿಕ್‌ಟಿಕ್. ಟಿಕ್‌ಟಿಕ್. ಅದೇ ಹಳೆಯ ಮೌಸು. ಎರಡು ಒತ್ತಿನ ನಡುವೆ ಒಂದಿಷ್ಟೂ ಬಿಡುವಿಲ್ಲ.

"ಈಗ ಕೈ ಕೂತಿದೆ ಅಲ್ವಾ ಟೀಚರ್?"

"ಕೂತಿದೆ ಮಾರಾಯ್ತಿ, ಚೆನ್ನಾಗಿ ಕೂತಿದೆ" ಎಂದು ನನ್ನ ಭಾಷೆಯಲ್ಲೇ ಹೇಳಿ ಕಳಿಸಿಬಿಟ್ಟೆ. ಇಂಗ್ಲಿಷು ಬಾಯಿಗೇ ಬರಲಿಲ್ಲ. ಅಷ್ಟರಲ್ಲಿ ಸೆಂಟರಿನವನು ಬಾಗಿಲು ಹಾಕಿದ.