ಡಬ್ಬಿಯ ಸುತ್ತ ಮೂರು ಲಿಪಿ

ನನ್ನ ಗಂಡನ ಛಾಪಖಾನೆ ವಿಜಾಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿತ್ತು. ಮುಂದಿನ ಪಡಸಾಲೆಯಲ್ಲಿ ಮಷಿನ್, ಹಿಂದೆ ನಮ್ಮ ಅಡುಗೆಮನೆ, ನಡುವಿನ ಕತ್ತಲೆ ಕೋಣೆಯಲ್ಲಿ ಅಚ್ಚಿನ ಮೊಳೆಗಳ ಖಾನೆಗಳು. ಎಪ್ಪತ್ತರ ದಶಕ ಶುರುವಾಗುವ ಹೊತ್ತಿಗೆ ಮೊಳೆ ಜೋಡಿಸುವವನು ಕೆಲಸ ಬಿಟ್ಟು ಸೊಲ್ಲಾಪುರಕ್ಕೆ ಹೋದ. ಬೇರೆ ಯಾರೂ ಸಿಗಲಿಲ್ಲ. ಒಲೆ ಆರಿಸಿ ಬಂದು ನಾನೇ ಆ ಕೆಲಸಕ್ಕೆ ಕೂತೆ.

ನಮ್ಮದು ಹೆಚ್ಚಾಗಿ ಲಗ್ನಪತ್ರಿಕೆಯ ಕೆಲಸ. ಈ ಕಡೆಯ ಬೀಗರಿಗೆ ಕನ್ನಡದಲ್ಲಿ, ಮೀರಜಿನ ಕಡೆಯವರಿಗೆ ಮರಾಠಿಯಲ್ಲಿ, ಮುಸಲ್ಮಾನರ ಮನೆಗಳಿಗೆ ಉರ್ದುವಿನಲ್ಲಿ. ಒಂದೇ ಹಾಳೆಯಲ್ಲಿ ಮೂರೂ ಬಂದರೆ ನನಗೆ ಎಲ್ಲಿಲ್ಲದ ಹುರುಪು. ಕನ್ನಡಕ್ಕೆ ಒತ್ತಕ್ಷರಗಳು ಇಳಿಬೀಳಲು ಕೆಳಗೆ ಜಾಗ ಬೇಕು. ಮರಾಠಿ ಮೇಲಿನ ಗೆರೆಗೆ ತೂಗುಬಿದ್ದಿರುತ್ತದೆ. ಉರ್ದು ಬಲಗಡೆಯಿಂದ ಇಳಿಜಾರಿನಲ್ಲಿ ಇಳಿದಂತೆ ಬರುತ್ತದೆ. ಮೂರಕ್ಕೂ ಉಸಿರಾಡಲು ಜಾಗ ಕೊಟ್ಟು ಕೂರಿಸುವುದನ್ನು ನಾನು ಕೈಯಿಂದಲೇ ಕಲಿತೆ.

ಉರ್ದು ಮೊಳೆಗಳು ನಮ್ಮಲ್ಲಿರಲಿಲ್ಲ. ಅದನ್ನು ಬರೆದುಕೊಡಲು ಟಿಕೋಟಾದಿಂದ ಒಬ್ಬ ಬರುತ್ತಿದ್ದ. ಬಿದಿರಿನ ಲೇಖನಿಯಿಂದ ಅವನು ಬರೆದದ್ದನ್ನು ಸೊಲ್ಲಾಪುರಕ್ಕೆ ಕಳಿಸಿ ಅಚ್ಚಿಗೆ ಲೋಹದ ಬ್ಲಾಕ್ ಮಾಡಿಸುತ್ತಿದ್ದೆವು. ನನ್ನ ಗಂಡನಿಗೆ ಅಣ್ಣಾ ಅನ್ನುತ್ತಿದ್ದ, ನನಗೆ ವೈನಿ, ಅಂದರೆ ಅತ್ತಿಗೆ. ತಂದೆ ಬೇಗ ತೀರಿಕೊಂಡಿದ್ದರಿಂದ ಅವನಿಗೆ ಲೇಖನಿ ಹಿಡಿಯಲು ಕಲಿಸಿದವಳು ಅವನ ಅಕ್ಕ. ಅವಳೂ ಟಿಕೋಟಾದಲ್ಲೇ ಇದ್ದಳು. ಓಣಿಯ ಹುಡುಗಿಯರನ್ನು ಮನೆಯಲ್ಲಿ ಕೂರಿಸಿಕೊಂಡು ಉರ್ದು ಹೇಳಿಕೊಡುತ್ತಿದ್ದಳು. ಸಕ್ಕರೆ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ ಓದುವವಳು. ಅವಳ ಗಂಡ ಬಿಜ್ಜರಗಿಯಲ್ಲಿ ಒಂದು ದ್ರಾಕ್ಷಿ ತೋಟವನ್ನು ಪಾಲಿಗೆ ಮಾಡುತ್ತಿದ್ದ. ಆಗಿನ್ನೂ ನಮ್ಮ ಕಡೆ ದ್ರಾಕ್ಷಿ ಹೊಸದು. ಹುಳ ಸಾಯಲು ಅದಕ್ಕೆ ಹೊಡೆಯುವ ಎಣ್ಣೆಯ ಡಬ್ಬಿಗಳೂ ಹೊಸವು.

ಒಂದು ಮಳೆಗಾಲ ಅವಳು ಸತ್ತ ಸುದ್ದಿ ಬಂತು. ನಾನು ಮಾತಾಡಿಸಿಕೊಂಡು ಬರಲು ಟಿಕೋಟಾಕ್ಕೆ ಹೋದೆ. ಹೆಂಗಸರ ಕೋಣೆಯಲ್ಲಿ ಅವರ ತಾಯಿ ಗೋಡೆಗೆ ಒರಗಿ ಕೂತಿದ್ದಳು. ಮೂಲೆಯಲ್ಲಿ ಅಳಿಯ ತೋಟಕ್ಕೆಂದು ತಂದಿಟ್ಟಿದ್ದ ಎಣ್ಣೆಯ ಡಬ್ಬಿ ಇನ್ನೂ ಇತ್ತು.

"ಪಾಠಕ್ಕ ಬರೋ ಹುಡುಗ್ಯಾರಿಂದ ತಲಿಗೆ ಹೇನಾಗಿದ್ವು ಬೇಟಿ," ಅಂದಳು. "ಡಬ್ಬಿ ತಿರುವಿ ತಿರುವಿ ನೋಡಿದ್ಲು. ಇದ್ಯಾವ ಅಕ್ಷರ ಅಮ್ಮಾ, ಒಂದೂ ತಿಳಿಯಂಗಿಲ್ಲ ಅಂತ ನಕ್ಲು. ಹುಳಾ ಸಾಯೋ ದವಾ ಅಲ್ಲೇನು, ತಲ್ಯಾಗಿನ ಹುಳಾನೂ ಸಾಯ್ತಾವ ಅಂದು ಹಚ್ಕೊಂಡ್ಲು. ನಾನ ಬಾಚಿದೆ. ನಾನ ಬಾಚಿದ್ನಲ್ಲ ಯಪ್ಪಾ!"

ಸ್ವಲ್ಪ ಹೊತ್ತಿಗೆ ಬೆವರಿ, ಬಾಯಲ್ಲಿ ನೊರೆ ಬಂದು, ವಿಜಾಪುರದ ದವಾಖಾನೆ ಮುಟ್ಟುವ ಮೊದಲೇ ಜೀಪಿನಲ್ಲೇ ಜೀವ ಬಿಟ್ಟಿದ್ದಳು. ನಾನು ಡಬ್ಬಿಯನ್ನು ನೋಡಿದೆ. ಸುತ್ತಲೂ ಇಂಗ್ಲಿಷು. ಬುಡದಲ್ಲಿ ಉಗುರಿನಷ್ಟು ಸಣ್ಣ ಬುರುಡೆಯ ಚಿತ್ರ, ಅದರ ಮೇಲೆ ತುಕ್ಕು.

ಅವಳ ತಮ್ಮ ಮತ್ತೆ ಛಾಪಖಾನೆಗೆ ಬಂದಾಗ ಲೇಖನಿ ತಂದಿರಲಿಲ್ಲ. ಮೊಳೆಗಳ ಖಾನೆಯ ಪಕ್ಕ ಕೂತು ಕೇಳಿದ, "ವೈನಿ, ಹೊಲಕ್ಕ ಹೊಡಿಯೋದಕ್ಕ ನೀವು ಏನಂತೀರಿ?"

"ಔಷಧ ಅಂತೀವಿ. ಎಣ್ಣಿ ಅಂತೀವಿ."

"ಮರಾಠ್ಯಾಗೂ ಔಷಧನ ಅಂತಾರ. ನಾವು ದವಾ ಅಂತೀವಿ. ಮೂರೂ ಮಂದಿ ಕೂಡಿ ಹೆಂಗ ತಪ್ಪಿದಿವ್ರಿ? ಇದಕ್ಕ ಇದರ ಖರೇ ಹೆಸರು ಹಾಕ್ರಿ. ಡಬ್ಬಿಗೆ ಅಂಟಿಸೂಣು."

ಹಾಗೆ ಆ ಚೀಟಿಯ ಕೆಲಸ ಶುರುವಾಯಿತು. ಯಾವ ಲಿಪಿ ಮೇಲೆ, ಯಾವುದು ಕೆಳಗೆ ಅನ್ನುವುದೇ ಮೊದಲ ತಕರಾರು. ನನ್ನ ಗಂಡ ಕನ್ನಡ ಮೇಲಿರಲಿ ಅಂದರು. ಗಡಿಯ ಜಗಳದಿಂದ ಜನರ ತಲೆ ಬಿಸಿಯಾಗಿದ್ದ ಕಾಲ. ಮರಾಠಿ ಕೆಳಗೆ ಬಂದರೆ ಕೆಲವರು ಕಿತ್ತೆಸೆಯುತ್ತಾರೆ, ಮೇಲೆ ಬಂದರೆ ಇನ್ನು ಕೆಲವರು. ನಾನು ಅಡುಗೆಮನೆಯಿಂದ ಕುಸುಬಿ ಎಣ್ಣೆಯ ಡಬ್ಬಿ ತಂದು ಮೇಜಿನ ಮೇಲಿಟ್ಟೆ. "ಡಬ್ಬಿ ಗುಂಡಗೈತಲ್ರೀ. ಉದ್ದನ ಪಟ್ಟಿ ಮಾಡಿ ಸುತ್ತಲೂ ಸುತ್ತಿದ್ರ ಯಾವುದೂ ಮೊದಲಲ್ಲ, ಯಾವುದೂ ಕಡಿಗಲ್ಲ," ಅಂದೆ. ಇಬ್ಬರೂ ಒಪ್ಪಿದರು.

ಕನ್ನಡಕ್ಕೂ ಮರಾಠಿಗೂ ನಮ್ಮಲ್ಲಿದ್ದ ಅತಿ ದಪ್ಪ ಮೊಳೆಗಳನ್ನು ತೆಗೆದೆ. ವಿಷ. ತಲೆಗೆ, ಮೈಗೆ ಹಚ್ಚಬೇಡಿರಿ. ಅವನು ಉರ್ದುವಿನಲ್ಲಿ ಜಹರ್ ಅಂತ ಬರೆದ. ಲಗ್ನಪತ್ರಿಕೆಯ ಮೇಲೆ ದೇವರ ಹೆಸರು ಬರೆದ ಹಾಗೆಯೇ ಬಂತು, ಬಾಗಿ, ಬಳುಕಿ. ಹೇಳಲೋ ಬೇಡವೋ ಅನ್ನಿಸಿತು. ಆದರೂ ಹೇಳಿದೆ.

"ಭಾಯಿ, ಇದು ಭಾಳ ಚಂದ ಆಗೇತಿ. ಇದನ್ನ ನೋಡಿ ಯಾರಿಗೂ ಹೆದರಿಕಿ ಬರಂಗಿಲ್ಲ."

ಮತ್ತೆ ಬರೆದ. ಮತ್ತೂ ಚಂದವಾಗಿಯೇ ಬಂತು. "ಅಕಿ ಕಲಿಸಿದ ಕೈ ವೈನಿ. ಕೆಟ್ಟದ್ದು ಬರಿಯಾಕ ಬರವಲ್ದು," ಅಂದವನು ಎದ್ದು ಓಣಿಗೆ ಹೋದ. ತಿರುಗಿ ಬಂದಾಗ ಕೈಯಲ್ಲಿ ಯಾವುದೋ ಬುಟ್ಟಿಯಿಂದ ಮುರಿದ ಬಿದಿರಿನ ಸಿಬಿರಿತ್ತು. ಅದನ್ನು ಮಸಿಯಲ್ಲಿ ಅದ್ದಿ, ಎಡಗೈಯಲ್ಲಿ ಹಿಡಿದು, ಹಲ್ಲು ಕಚ್ಚಿ ಬರೆದ. ಅಕ್ಷರಗಳು ಗೋಡೆಯಿಂದ ಕಿತ್ತ ಮೊಳೆಗಳಂತೆ ಸೊಟ್ಟಗೆ ಎದ್ದು ನಿಂತವು. ಅದನ್ನೇ ಬ್ಲಾಕ್ ಮಾಡಿಸಿ ಕೆಂಪು ಮಸಿಯಲ್ಲಿ ಅಚ್ಚು ಹಾಕಿದೆವು.

ಗಾಂಧಿ ಚೌಕದಲ್ಲಿ ಆ ಡಬ್ಬಿಗಳನ್ನು ಮಾರುವ ವ್ಯಾಪಾರಿಯ ಹತ್ತಿರ ಮೂವರೂ ಹೋದೆವು. ಅವನು ಪಟ್ಟಿಯನ್ನು ತಿರುಗಿಸಿ ನೋಡಿ ವಾಪಸು ಕೊಟ್ಟ.

"ಇದನ್ನ ಹಚ್ಚಿದ್ರ ನನ್ನ ಅಂಗಡ್ಯಾಗ ಯಾರ ಕಾಲಿಡ್ತಾರ್ರಿ ಅಕ್ಕಾರ? ಕಂಪನಿಯವ್ರು ಬರೆದಾರಲ್ಲ."

"ಇಂಗ್ಲಿಷಿನ್ಯಾಗ ಬರೆದಾರ್ರಿ," ಅಂದೆ.

"ಶಾಣ್ಯಾ ಮಂದಿ ತಿಳ್ಕೋತಾರ ಬಿಡ್ರಿ."

"ನಮ್ಮಕ್ಕ ಶಾಣ್ಯಾಕಿನ ಇದ್ಲರಿ ಸಾವಕಾರ್ರ," ಅಂದ ಅವನು. ದನಿ ಏರಿಸಲಿಲ್ಲ. ವ್ಯಾಪಾರಿ ಬೇರೆ ಗಿರಾಕಿಯ ಕಡೆ ತಿರುಗಿಕೊಂಡ.

ಹಾಗಾಗಿ ನಾವೇ ಮೈದಾ ಹಿಟ್ಟಿನ ಅಂಟು ಕಾಸಿಕೊಂಡು ಊರೂರಿಗೆ ಹೊರಟೆವು. ಅವನೂ ನನ್ನ ಗಂಡನೂ ತೋಟಗಳಿಗೆ, ಅವನ ತಾಯಿಯೂ ನಾನೂ ಅಡುಗೆಮನೆಗಳಿಗೆ. ಆ ಮುದುಕಿ ಕೋಣೆಯಿಂದ ಹೊರಗೆ ಬಂದದ್ದೇ ಈ ಕೆಲಸಕ್ಕೆ. ಟಿಕೋಟಾದಲ್ಲಿ, ಬಿಜ್ಜರಗಿಯಲ್ಲಿ ಡಬ್ಬಿಗಳು ಉಪ್ಪಿನ ಗಡಿಗೆಯ ಪಕ್ಕದಲ್ಲೇ ಇದ್ದವು. ಕೆಲವು ಹೆಂಗಸರು ಅಂಟಿಸಲು ಬಿಟ್ಟರು. ಕೆಲವರು ಮನೆಯಲ್ಲಿ ಅಪಶಕುನ ಮಾಡಬೇಡಿರಿ ಅಂತ ಬೈದು ಕಳಿಸಿದರು. ಮುದುಕಿ ಎಲ್ಲೂ ಮಗಳ ಹೆಸರು ಎತ್ತಲಿಲ್ಲ. ಪಟ್ಟಿಯನ್ನು ಒದ್ದೆ ಅಂಗೈಯಿಂದ ತೀಡಿ ತೀಡಿ ಕೂರಿಸುತ್ತಿದ್ದಳು.

ಮುಂದಿನ ಬೇಸಿಗೆಯಲ್ಲಿ ಬಬಲೇಶ್ವರದಿಂದ ಸುದ್ದಿ ಬಂತು. ಕುರಿ ಕಾಯುವವನ ಹೆಂಡತಿಯೊಬ್ಬಳು ತೋಟದವರು ಎಸೆದ ಖಾಲಿ ಡಬ್ಬಿಯನ್ನು ತೊಳೆದು ಅದರಲ್ಲಿ ಮಜ್ಜಿಗೆ ಒಯ್ದಿದ್ದಳು. ಅದನ್ನು ಕುಡಿದು ಅವಳೂ ಸತ್ತಳು, ಅವಳ ಮೈದುನನೂ ಸತ್ತ. ನಾವು ಹೋದಾಗ ಅವಳ ಗಂಡ ಹಟ್ಟಿಯ ಬಾಗಿಲಲ್ಲಿ ಕೂತಿದ್ದ. ಡಬ್ಬಿಯ ಸುತ್ತ ನಮ್ಮ ಪಟ್ಟಿ ಹಾಗೆಯೇ ಇತ್ತು. ಮೂರೂ ಲಿಪಿ, ಮಾಸಿರಲಿಲ್ಲ.

"ಕೆಂಪನ್ನ ಕಾಗದ ಹಚ್ಚ್ಯಾರ, ಚಂದ ಕಾಣತೈತಿ ಅಂತ ತಂದಿದ್ಲರಿ," ಅಂದ. "ನಮಗ ಯಾವ ಅಕ್ಷರಾನೂ ಬರಂಗಿಲ್ಲ."

ಬಸ್ಸಿನಲ್ಲಿ ವಾಪಸು ಬಂದೆವು. ಮೂರು ಭಾಷೆಗೆ ಜಾಗ ಮಾಡಿಕೊಟ್ಟೆವೆಂದು ಒಳಗೊಳಗೇ ನಾನು ಹೆಮ್ಮೆಪಟ್ಟಿದ್ದೆ. ಆ ಹೆಮ್ಮೆ ಅಂದೇ ಹೋಯಿತು. ಮೂರರ ಹೊರಗೂ ಅಷ್ಟು ಜನ ಇದ್ದರು.

ಚಿತ್ರ ಬೇಕು ಅಂದುಕೊಂಡು ಮತ್ತೆ ಬಬಲೇಶ್ವರದ ಸಂತೆಗೆ ಹೋಗಿ ಹೆಂಗಸರನ್ನು ಕೇಳಿದೆ. ಬುರುಡೆಯ ಚಿತ್ರವನ್ನು ತೋರಿಸಿದರೆ ನಾಟಕ ಕಂಪನಿಯವರದೋ ಅಂದರು. ಹಾವನ್ನು ತೋರಿಸಿದರೆ ಒಬ್ಬಳು ಕೈ ಮುಗಿದಳು. ಕುರಿ ಮಾರಲು ಬಂದ ಮುದುಕಿಯೊಬ್ಬಳು ಮಾತ್ರ, "ಕಾಲು ಮ್ಯಾಲ ಮಾಡಿ ಬಿದ್ದ ಆಡು ಬರೀರಿ. ಅದನ್ನ ನೋಡಿದ್ರ ಎಂಥವ್ರಿಗೂ ತಿಳಿತೈತಿ ಬೇ," ಅಂದಳು.

ಬರೆಯುವವರು ಯಾರು? ಭಾಯಿ ಜೀವ ಇರುವುದರ ಚಿತ್ರವನ್ನು ಎಂದೂ ಬರೆದವನಲ್ಲ, ಅದು ಅವನ ಧರ್ಮದ ನೇಮ. ಬೇರೆಯವರನ್ನು ನೋಡೋಣ ಅಂದೆ. ಅವನು ಕಾಗದವನ್ನು ತನ್ನ ಕಡೆ ಎಳೆದುಕೊಂಡ.

"ಇದು ಜೀವ ಇದ್ದದ್ದಲ್ಲ ವೈನಿ. ಸತ್ತದ್ದು."

ಆಡಿನ ಹೊಟ್ಟೆ ಉಬ್ಬಿತ್ತು, ನಾಲಿಗೆ ಹೊರಗೆ ಬಿದ್ದಿತ್ತು. ಲಿಪಿಗಳನ್ನು ಸಣ್ಣದು ಮಾಡಿ ಅದನ್ನು ಎಲ್ಲ ಕಡೆಗೂ ಕಾಣುವಂತೆ ಕೂರಿಸಿದೆ, ಈ ಸಲ ಕರಿ ಮಸಿಯಲ್ಲಿ. ಟಿಕೋಟಾದ ಒಂದು ಸಣ್ಣ ಅಂಗಡಿಯವನು ತಾನೇ ಕೇಳಿ ಇಸಿದುಕೊಂಡು ಅಂಟಿಸತೊಡಗಿದ. ಗಾಂಧಿ ಚೌಕದವನು ಕೊನೆಗೂ ಅಂಟಿಸಲಿಲ್ಲ. ಅದರಿಂದ ಯಾರು ಉಳಿದರೋ ನಮಗೆ ಗೊತ್ತಾಗಲಿಲ್ಲ. ಉಳಿದವರ ಸುದ್ದಿ ಯಾರೂ ತರುವುದಿಲ್ಲ. ಸತ್ತವರದ್ದು ಆಮೇಲೂ ಬರುತ್ತಿತ್ತು, ನಾವು ಮುಟ್ಟದ ಊರುಗಳಿಂದ.

ಅವನು ಲಗ್ನಪತ್ರಿಕೆ ಬರೆಯುವುದನ್ನು ಬಿಟ್ಟ. ಕೈ ನಡುಗುತ್ತದೆ ಅನ್ನುತ್ತಿದ್ದ, ನಡುಗಿದ್ದನ್ನು ನಾನು ನೋಡಲಿಲ್ಲ. ಅಕ್ಕನ ಹತ್ತಿರ ಕಲಿಯುತ್ತಿದ್ದ ಹುಡುಗಿಯರಿಗೆ ಪಾಠ ಹೇಳಲು ತಾನೇ ಕೂತ. ವಾರಕ್ಕೊಮ್ಮೆ ಬಂದು ಕನ್ನಡ ಅಕ್ಷರ ಹೇಳಿಕೊಡಿರಿ ಅಂತ ನನ್ನನ್ನು ಕರೆದ. ಲಿಪಿಯನ್ನು ಮೊಳೆಗಳಲ್ಲಿ ಉಲ್ಟಾ ಓದಿ ರೂಢಿಯಾಗಿದ್ದ ನಾನು ಹಲಗೆಯ ಮೇಲೆ ನೇರ ಬರೆಯಲು ಮೊದಮೊದಲು ತಡವರಿಸಿದೆ. ಹುಡುಗಿಯರು ಬೇಗ ಕಲಿತರು, ಕೆಲವರು ಲಗ್ನವಾಗಿ ಅರ್ಧಕ್ಕೇ ಬಿಟ್ಟುಹೋದರು. ಪಾಠ ನಡೆಯುತ್ತಿದ್ದದ್ದು ಡಬ್ಬಿ ಇದ್ದ ಅದೇ ಹೆಂಗಸರ ಕೋಣೆಯಲ್ಲಿ. ಹುಡುಗಿಯರು ಬಾಚಿದ ತಲೆ ತಗ್ಗಿಸಿ ಬರೆಯಲು ಶುರು ಮಾಡುತ್ತಲೇ ಆ ಮುದುಕಿ ಗೋಡೆ ಹಿಡಿದು ಮೆಲ್ಲಗೆ ಎದ್ದು, ಅಂಗಳಕ್ಕೆ ಹೋಗಿ, ಪಾಠ ಮುಗಿಯುವ ತನಕ ಬಿಸಿಲಲ್ಲೇ ಕೂತಿರುತ್ತಿದ್ದಳು.